ಕೊಲ್ಲದವನು ಕೊಂದೆ ಎನ್ನುತ್ತಾನೆಯೇ?

‘ಪೊಲೀಸರ ಮುಂದೆ ಕೊಲೆ ಒಪ್ಪಿಕೊಂಡವನನ್ನೂ ನ್ಯಾಯಾಲಯ ಬಿಟ್ಟು ಕಳುಹಿಸುತ್ತದೆ. ಕೊಲ್ಲದವನು ಯಾರಾದರೂ ಕೊಂದೆ ಎನ್ನುತ್ತಾನೆಯೇ? ಮಂಪರು ಪರೀಕ್ಷೆಯನ್ನಾದರೂ ಕಡ್ಡಾಯ ಮಾಡಲಿ.’
– ಓದುಗರೊಬ್ಬರು, ಮದ್ದೂರು

ಸಂಪಾದಕರ ಉತ್ತರ: ಎನ್ನುತ್ತಾನೆ ಸ್ವಾಮಿ. ಜಪಾನಿನ ಇವಾವೊ ಹಕಮಾಡ ಹಾಗೆಂದರು. 1966ರಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯಾದಾಗ ಸಿಕ್ಕಿಬಿದ್ದ ಈ ಮಾಜಿ ಬಾಕ್ಸರ್‌ನನ್ನು ಪೊಲೀಸರು ಸುಮಾರು ಇಪ್ಪತ್ತು ದಿನ ವಿಚಾರಣೆಯಲ್ಲಿ ಅರೆದರು. ಬರೆಸಿಕೊಂಡ ಹೇಳಿಕೆಗಳು 45. ಅವುಗಳಲ್ಲಿ 44 ನಂಬಲು ಯೋಗ್ಯವಲ್ಲವೆಂದು ನ್ಯಾಯಾಲಯವೇ ಬದಿಗಿಟ್ಟಿತು. ಉಳಿದ ಒಂದನ್ನು ನಂಬಿ 1968ರಲ್ಲಿ ಗಲ್ಲು ವಿಧಿಸಿತು! ಅವರು ಹೊರಬಂದದ್ದು 2014ರಲ್ಲಿ, ನಿರ್ದೋಷಿ ಎನಿಸಿಕೊಂಡದ್ದು 2024ರಲ್ಲಿ.

ನಿದ್ದೆಯಿಲ್ಲದೆ ದಿನಗಟ್ಟಲೆ ಕುಳಿತವನಿಗೆ ನಾಳಿನ ನೇಣಿಗಿಂತ ಈ ಹೊತ್ತಿನ ಬಿಡುಗಡೆಯೇ ದೊಡ್ಡದಾಗಿ ಕಾಣುತ್ತದೆ. ಸಹಿ ಹಾಕಿಬಿಡೋಣ, ನಿಜವನ್ನು ಜಡ್ಜ್ ಮುಂದೆ ಹೇಳಿಕೊಂಡರಾಯಿತು ಎಂದುಕೊಳ್ಳುತ್ತಾನೆ. ‘ಕೊಂದವನಿಗಷ್ಟೇ ಗೊತ್ತಿರುವ ವಿವರ ಹೇಳಿದನಲ್ಲ’ ಎಂದು ನೀವು ಕೇಳಬಹುದು. ‘ಮಚ್ಚನ್ನು ಬಾವಿಗೆ ಎಸೆದೆಯಾ, ನಾಲೆಗೆ ಎಸೆದೆಯಾ?’ ಎಂಬ ಪ್ರಶ್ನೆಯೇ ಅರ್ಧ ಉತ್ತರವನ್ನು ಅವನ ಬಾಯಿಗಿಟ್ಟಿರುತ್ತದೆ.

ಇದು ಬ್ರಿಟಿಷರಿಗೂ ಗೊತ್ತಿತ್ತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತು; ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ, ‘ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ’ ಎಂಬ ಎಚ್ಚರಿಕೆ ಕೇಳಿಸಿಕೊಂಡು, ಸ್ವಇಚ್ಛೆಯಿಂದ ಹೇಳಿದ್ದಕ್ಕಷ್ಟೇ ಬೆಲೆ. ಆದರೆ ಕಿಂಡಿಯೊಂದಿದೆ. ಆರೋಪಿಯ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಕಾರಣವಾದಷ್ಟು ಮಾತು ಸಾಕ್ಷ್ಯವಾಗುತ್ತದೆ. ಮಚ್ಚು ಮೊದಲು ಸಿಕ್ಕಿತೋ, ಮಾತು ಮೊದಲು ಹೊರಟಿತೋ? ಮಹಜರಿಗೆ ಸಹಿ ಹಾಕುವ ಪಂಚರು ನಿಜವಾಗಿ ಸ್ಥಳದಲ್ಲಿದ್ದರೋ? ನನ್ನ ಅನುಮಾನವೆಲ್ಲ ಇಲ್ಲೇ.

ತನಿಖೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಜಪಾನಿಗೇ ಹೋಗಬೇಕಿಲ್ಲ. ಹೆಂಡತಿಯನ್ನು ಕೊಂದನೆಂದು ಜೈಲು ಕಂಡಿದ್ದ ಒಬ್ಬರ ಮೊಕದ್ದಮೆ ಮೈಸೂರಿನಲ್ಲಿ ನಡೆಯುತ್ತಿರುವಾಗಲೇ, 2025ರ ಏಪ್ರಿಲ್‌ನಲ್ಲಿ, ಆ ಹೆಂಡತಿಯೇ ಜೀವಂತವಾಗಿ ನ್ಯಾಯಾಲಯಕ್ಕೆ ಬಂದರು. ಸಿಕ್ಕಿದ್ದ ಅಸ್ಥಿಪಂಜರ ಆಕೆಯದೇ ಎಂದು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿತ್ತು. ಪುಣ್ಯಕ್ಕೆ ಶಿಕ್ಷೆಯ ಆದೇಶ ಇನ್ನೂ ಆಗಿರಲಿಲ್ಲ.

ಇನ್ನು ಮಂಪರು ಪರೀಕ್ಷೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಎಂದಿದೆ. ಒಪ್ಪಿ ಮಾಡಿಸಿಕೊಂಡರೂ ಆ ಮಂಪರಿನಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ.