ರೇಡಿಯೇಷನ್ ಕೋಣೆಯ ಹೊರಗಿನ ಬೆಂಚು

ದಾವಣಗೆರೆಯ ಓದುಗರೊಬ್ಬರು ಬರೆದ ಎರಡು ಪುಟಗಳ ಪತ್ರ ಈ ತಿಂಗಳು ನಮ್ಮ ಕೈಸೇರಿದೆ. ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಅವರ ಪತ್ನಿಗೆ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯೂ ಕೀಮೋವೂ ಮುಗಿದು, ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 15 ದಿನಗಳ ರೇಡಿಯೇಷನ್ ನಡೆಯುತ್ತಿದೆ. ಪತ್ರ ಬರೆಯುವ ಹೊತ್ತಿಗೆ 9 ದಿನ ಆಗಿತ್ತು. "ಯಂತ್ರದ ಕೆಲಸ ಹತ್ತು ನಿಮಿಷದ್ದು. ಅದು ಮುಗಿದ ಮೇಲೂ ಆಕೆ ಹೊರಗಿನ ಬೆಂಚಿನಲ್ಲಿ ಬೇರೆ ಹೆಂಗಸರೊಡನೆ ಒಂದೂವರೆ ತಾಸು ಕೂತು ಮಾತಾಡುತ್ತಾಳೆ. ರಾತ್ರಿಯಾದರೆ ಕೋಲಾರದ ಯಾರೋ ಒಬ್ಬರೊಡನೆ ಫೋನು. ಕಳೆದ ವಾರ ಪರೀಕ್ಷೆಗೆ ಬಂದಿದ್ದ ಹಳೆಯ ರೋಗಿಯೊಬ್ಬರಿಗೆ ಕಾಯಿಲೆ ಮರುಕಳಿಸಿದೆಯೆಂದು ಕೇಳಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ರೋಗಿಗಳು ಬೇರೆ ರೋಗಿಗಳಿಂದ ದೂರವಿದ್ದು ವೈದ್ಯರ ಮಾತನ್ನಷ್ಟೇ ಕೇಳಬೇಕೆಂದು ನಿಮ್ಮ ಪತ್ರಿಕೆ ಬರೆಯಬೇಕು" ಎಂಬುದು ಅವರ ಬೇಡಿಕೆ.

ಮಾನ್ಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನೆಂಟರ ಮನೆಯಲ್ಲಿ ಉಳಿದುಕೊಂಡು, ದಿನವೂ ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯುವ, ಆಕೆ ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದರೆಂಬುದನ್ನೂ ಗಮನಿಸುವ ಗಂಡಸರು ನಮ್ಮಲ್ಲಿ ಹೆಚ್ಚಿಲ್ಲ. ಆ ಕಾರಣಕ್ಕೇ ನಿಮ್ಮೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬಹುದೆಂದು ನನಗನ್ನಿಸಿದೆ. ನೀವು ಕೇಳಿದಂತೆ ನಾನು ಬರೆಯಲಾರೆ. ಅವರನ್ನು ಆ ಬೆಂಚಿನಿಂದ ಎಬ್ಬಿಸಬೇಡಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳುವುದಿಲ್ಲ. ಕಾಯುವವರ ಸಾಲಿನಲ್ಲಿ ತಪ್ಪು ಮಾತುಗಳೂ ಓಡಾಡುತ್ತವೆ. ಕಪ್ಪಾದ ಚರ್ಮಕ್ಕೆ ಅರಿಶಿನ ಅರೆದು ಹಚ್ಚಿ ಎನ್ನುವವರಿದ್ದಾರೆ. ಕಿರಣ ಮೈಯಲ್ಲೇ ಉಳಿದಿರುತ್ತದೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ ಎನ್ನುವವರೂ ಇದ್ದಾರೆ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಯಂತ್ರ ನಿಂತೊಡನೆ ನಿಲ್ಲುತ್ತದೆ. ಮೊಮ್ಮಗುವನ್ನು ಎದೆಗವಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಚರ್ಮಕ್ಕೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂಬುದನ್ನು ವೈದ್ಯರನ್ನೇ ಕೇಳಬೇಕು. ಇನ್ನೊಬ್ಬರ ಕಾಯಿಲೆ ಮರಳಿದ ಸುದ್ದಿ ಎದೆಗೆ ಭಾರವೆಂಬುದೂ ನಿಜ. ಇಷ್ಟನ್ನು ಒಪ್ಪುತ್ತೇನೆ.

2014ರಲ್ಲಿ ನನ್ನ ಅಕ್ಕನಿಗೆ ಇದೇ ಚಿಕಿತ್ಸೆಯಾಯಿತು. ಅವಳಿಗೆ 25 ದಿನ. ವಾರಕ್ಕೆ 5 ದಿನದಂತೆ 5 ವಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದ ಅಕ್ಕ ಯಾರೊಡನೆಯೂ ಸುಲಭಕ್ಕೆ ಬೆರೆಯುವವಳಲ್ಲ. ಮೊದಲ ದಿನ ಕೋಣೆಯಿಂದ ಹೊರಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. "ನೋವಾಯಿತೇನೇ?" ಎಂದು ಕೇಳಿದೆ. "ಇಲ್ಲ" ಎಂದಳು. ಆದದ್ದೇನೆಂದು ಹೇಳಲು ಅವಳಿಗೆ ಬರಲಿಲ್ಲ, ಮತ್ತೇನು ಕೇಳಬೇಕೆಂದು ನನಗೆ ತೋಚಲಿಲ್ಲ. ಎದುರಿಗೆ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ಕೂತಿದ್ದ ಹೆಂಗಸೊಬ್ಬರು, "ಬಾಗಿಲು ಹಾಕಿದ್ದು ಕೇಳಿ ಗಾಬರಿಯಾಯ್ತೇನಮ್ಮ? ನಾಳೆ ಯಂತ್ರದ ಸದ್ದು ಬಂದ ಕೂಡಲೇ ಒಂದು, ಎರಡು ಅಂತ ಎಣಿಸ್ತಾ ಹೋಗಿ. ನೂರು ಆಗೋದರೊಳಗೆ ಒಂದು ಕಡೆಯದು ಮುಗಿದಿರುತ್ತೆ" ಎಂದರು. ಅಕ್ಕ ನನ್ನ ಕೈಬಿಟ್ಟು ಅವರ ಪಕ್ಕದಲ್ಲಿ ಹೋಗಿ ಕೂತಳು.

ಅಂದು ನನಗೆ ತುಸು ಬೇಸರವೇ ಆಯಿತು. ನಿಮಗೆ ಈಗ ಆಗುತ್ತಿರುವುದೂ ಅದೇ ಇರಬಹುದು. ಆಮೇಲೆ ತಿಳಿಯಿತು. ಕಿರಣ ಹರಿಯುವ ಹೊತ್ತಿನಲ್ಲಿ ಆ ಕೋಣೆಯೊಳಗೆ ರೋಗಿಯ ಹೊರತು ಯಾರೂ ಇರುವಂತಿಲ್ಲ. ತಂತ್ರಜ್ಞರು ಮಲಗಿಸಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಎದೆಯ ಮೇಲೆ ಹಾಕಿದ ಗುರುತಿಗೆ ಲೇಸರ್ ಗೆರೆಯನ್ನು ಹೊಂದಿಸಿ, ಹೊರಗೆ ಹೋಗಿ ಬಾಗಿಲು ಹಾಕುತ್ತಾರೆ. ವೈದ್ಯರೂ ಹೊರಗೆ, ಗಂಡನೂ ಹೊರಗೆ, ಒಡಹುಟ್ಟಿದವರೂ ಹೊರಗೆ. ಅರೆಬೆತ್ತಲೆಯಾಗಿ, ಅಲುಗಾಡದೆ, ಒಬ್ಬಳೇ ಮಲಗಿ, ಯಂತ್ರದ ತಲೆ ತನ್ನ ಸುತ್ತ ತಿರುಗುವುದನ್ನು ನೋಡುವ ಆ ನಿಮಿಷಗಳು ಹೇಗಿರುತ್ತವೆಂದು ಬಲ್ಲವರು ಹೊರಗೆ ಸರದಿಗಾಗಿ ಕಾದು ಕೂತ ಹೆಂಗಸರು ಮಾತ್ರ. ನಾನು 25 ದಿನವೂ ಅಕ್ಕನ ಜೊತೆಗೆ ಹೋದೆ. ನನ್ನ ಜೊತೆ ಆ ಬಾಗಿಲಿನವರೆಗಿನದು.

ಆ ಸಾಲಿನಲ್ಲಿ ರೇಡಿಯೇಷನ್ನಿಗೆ ಕರೆಂಟ್ ಕೊಡುವುದು ಎಂದೇ ಹೆಸರು. "ನಿಮಗೆ ಇವತ್ತು ಎಷ್ಟನೇ ಕರೆಂಟು?" ಎಂಬುದೇ ಪರಿಚಯದ ಮೊದಲ ಮಾತು. ಶಾಕ್ ಹೊಡೆಯುತ್ತದೆಂದು ನಂಬಿ ನಡುಗುತ್ತ ಬಂದಿದ್ದ ಅಜ್ಜಿಯೊಬ್ಬರಿಗೆ, ಏನೂ ಹೊಡೆಯುವುದಿಲ್ಲ, ಸುಮ್ಮನೆ ಮಲಗಿದರಾಯಿತು ಎಂದು ಆಸ್ಪತ್ರೆಯವರು ಹೇಳಿದಾಗ ಬಾರದ ಧೈರ್ಯ, ಹದಿನೆಂಟು ದಿನ ಮಲಗಿ ಎದ್ದುಬಂದ ಇನ್ನೊಬ್ಬ ಅಜ್ಜಿ ಹೇಳಿದಾಗ ಬಂತು.

ಅಕ್ಕನಿಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ತೋಳನ್ನು ತಲೆಯ ಮೇಲೆ ಹತ್ತು ನಿಮಿಷ ಇಟ್ಟುಕೊಂಡಿರುವುದು ಪ್ರಾಣಸಂಕಟವಾಗಿತ್ತು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೆಲ್ಲಮೆಲ್ಲನೆ ಮೇಲಕ್ಕೆ ನಡೆಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಅಕ್ಕ ಅದನ್ನು ಮನೆಯಲ್ಲಿ ಎರಡು ದಿನ ಮಾಡಿ ಬಿಟ್ಟಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ಎಳೆದ ಸಣ್ಣ ಸಣ್ಣ ಗೆರೆಗಳಿದ್ದವು. ಪ್ರತಿ ಗೆರೆಯ ಬದಿಗೂ ಒಂದೊಂದು ಅಕ್ಷರ: ಸ, ಗೌ, ಫಾ, ಜ. ಯಾರ ಬೆರಳು ಎಲ್ಲಿಯವರೆಗೆ ಹತ್ತಿತೆಂಬ ಲೆಕ್ಕ ಅದು. ನಾಲ್ಕನೆಯ ದಿನ ಅಲ್ಲಿ ಅಕ್ಕನ ಅಕ್ಷರವೂ ಬಂತು, ಎಲ್ಲರಿಗಿಂತ ಕೆಳಗೆ. ಮೂರನೆಯ ವಾರದ ಹೊತ್ತಿಗೆ ಅದು 'ಗೌ'ವನ್ನು ದಾಟಿತ್ತು, ಮತ್ತು ಆ ಗೌರಮ್ಮ ಯಾರೋ, ಚಪ್ಪಾಳೆ ತಟ್ಟಿದ್ದು ನನಗೆ ಈಗಲೂ ಕೇಳಿಸುತ್ತದೆ.

ನಾಲ್ಕನೆಯ ವಾರ ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಸುಲಿಯಿತು. ಬ್ರಾ ಸೋಕಿದರೆ ಉರಿ, ರವಿಕೆಯ ಹೊಲಿಗೆ ಉಜ್ಜಿದರೆ ಉರಿ. ಚನ್ನರಾಯಪಟ್ಟಣದ ಕಡೆಯ ಹೊಲಿಗೆಯವರೊಬ್ಬರು, ಅವರೂ ಕರೆಂಟ್ ತೆಗೆದುಕೊಳ್ಳುತ್ತಿದ್ದವರೇ, ಬೆಂಚಿನಲ್ಲಿ ಕೂತೇ ದಾರದಿಂದ ಅಕ್ಕನ ಅಳತೆ ತೆಗೆದರು. ಮರುದಿನ, ತೊಳೆದು ತೊಳೆದು ಮೆತ್ತಗಾದ ಹಳೆಯ ವಾಯಿಲ್ ಸೀರೆಯಿಂದ ಹೊಲಿದ, ಮುಂದೆ ಲಾಡಿ ಕಟ್ಟುವ, ಹೊಲಿಗೆಯ ಅಂಚೆಲ್ಲ ಹೊರಮಗ್ಗುಲಿಗೆ ಬಂದ ಸಡಿಲ ಕುಪ್ಪಸವೊಂದನ್ನು ತಂದುಕೊಟ್ಟರು. ಅಂಥವನ್ನು ಆ ವಾರ ಅವರು ಐದು ಹೊಲಿದಿದ್ದರು. ಯಾರಿಂದಲೂ ಹಣ ಮುಟ್ಟಲಿಲ್ಲ. ಇದು ಯಾವ ವೈದ್ಯರ ಚೀಟಿಯಲ್ಲಿ ಬರುತ್ತದೆ ಹೇಳಿ?

ಎಡಗಡೆಯ ಸ್ತನವಾದರೆ ಹೃದಯ ಹತ್ತಿರದಲ್ಲೇ ಇರುತ್ತದೆ. ಉಸಿರನ್ನು ತುಂಬ ಎಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುವುದರಿಂದ, ಉಸಿರು ಹಿಡಿಸಿಯೇ ಕಿರಣ ಕೊಡುವ ಪದ್ಧತಿ ಈಗ ಹಲವು ಕಡೆ ಇದೆ. ನಿಮ್ಮ ಪತ್ನಿಯವರಿಗೂ ಹಾಗೆಯೇ ಮಾಡಿಸುತ್ತಿರಬಹುದು. ಕಳೆದ ವರ್ಷ ಗೆಳತಿಯೊಬ್ಬಳ ಜೊತೆಗೆ ಹೋದಾಗ, ಇಪ್ಪತ್ತು ಸೆಕೆಂಡು ಉಸಿರು ಹಿಡಿಯಲಾರದೆ ಅವಳು ಕಂಗಾಲಾಗಿದ್ದಳು. ತೀರ್ಥಹಳ್ಳಿಯವರೊಬ್ಬರು, "ತುಂಗೆಯಲ್ಲಿ ಮುಳುಗು ಹಾಕ್ತೀರಲ್ಲ, ಹಾಗೆ ಅಂದ್ಕೊಳ್ಳಿ, ಮೇಲೇಳೋಕೆ ಅವಸರ ಮಾಡಬೇಡಿ" ಎಂದರು. ಅವಳಿಗೆ ಅದು ಒಲಿಯಿತು.

ಇಂಥ ಮಾತುಕತೆಯಿಂದ ಚಿಕಿತ್ಸೆಯೇ ಉಳಿದುಕೊಂಡದ್ದನ್ನೂ ಕಂಡಿದ್ದೇನೆ. ರಾಯಚೂರು ಕಡೆಯ ರೈತ ಮಹಿಳೆಯೊಬ್ಬರು ಹದಿನಾರನೆಯ ದಿನ, ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ನಿಂತಿದೆ, ಗಂಟು ಹೇಗೂ ತೆಗೆದಾಗಿದೆ, ಇನ್ನು ಸಾಕು ಎಂದು ಗಂಟುಮೂಟೆ ಕಟ್ಟಿದ್ದರು. ಗಂಟನ್ನು ತೆಗೆಸಿಕೊಂಡು ಸ್ತನವನ್ನು ಉಳಿಸಿಕೊಂಡವರಿಗೆ ರೇಡಿಯೇಷನ್ ಏಕೆ ಬೇಕೆಂಬುದಕ್ಕೆ ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 20 ವರ್ಷಗಳ ಲೆಕ್ಕವನ್ನು 2002ರಲ್ಲಿ ಮುಂದಿಟ್ಟರು: ಅದನ್ನು ಪಡೆಯದವರಲ್ಲಿ 100ಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು, ಪಡೆದವರಲ್ಲಿ 14 ಮಂದಿಗೆ. ಆಕೆಗೆ ಈ ಅಂಕಿಗಳನ್ನು ಯಾರೂ ಹೇಳಲಿಲ್ಲ. ಅರ್ಧಕ್ಕೆ ಬಿಟ್ಟುಹೋಗಿ ಎರಡನೆಯ ಸಲ ಶಸ್ತ್ರಚಿಕಿತ್ಸೆಗೆ ಬಂದಿದ್ದ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ತಮ್ಮ ಕಥೆ ಹೇಳಿದರು. ರಾಯಚೂರಿನವರು ಉಳಿದರು. ನಿಮ್ಮ ಪತ್ನಿಯನ್ನು ಎರಡು ರಾತ್ರಿ ಎಚ್ಚರವಿರಿಸಿದಂಥ ಕಥೆಯೇ ಅದು.

1952ರಲ್ಲಿ ನ್ಯೂಯಾರ್ಕಿನಲ್ಲಿ ಟೆರೀಸ್ ಲ್ಯಾಸರ್ ಎಂಬವರಿಗೆ ಸ್ತನವನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಬದುಕುವುದು ಹೇಗೆಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಅವರು ತಾವೇ ವಾರ್ಡುಗಳಿಗೆ ಹೋಗಿ ಹೊಸ ರೋಗಿಗಳನ್ನು ಮಾತಾಡಿಸತೊಡಗಿದರು. ಕೈಗೆ ವ್ಯಾಯಾಮ ಮಾಡಲು ರಬ್ಬರಿನ ಚೆಂಡು, ಒಂದು ಹಗ್ಗ ಕೊಡುತ್ತಿದ್ದರು. ವೈದ್ಯರಲ್ಲದವರು ರೋಗಿಗೆ ಸಲಹೆ ಕೊಡುವುದನ್ನು ಆಗಿನ ಅನೇಕ ವೈದ್ಯರು ಮೆಚ್ಚಲಿಲ್ಲ. ಆದರೂ 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಆ ಹಗ್ಗದ ಬಗ್ಗೆ ಓದಿದಾಗ ನನಗೆ ಪೆನ್ಸಿಲಿನ ಗೆರೆಗಳು ನೆನಪಾದವು. ಮುಂದೆ 1989ರಲ್ಲಿ ಡೇವಿಡ್ ಸ್ಪೀಗೆಲ್ ಎಂಬ ಮನೋವೈದ್ಯರು, ಸ್ತನ ಕ್ಯಾನ್ಸರ್ ಮೈಯಲ್ಲಿ ಹರಡಿದ್ದ 86 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿ, ವಾರವಾರ ಒಟ್ಟು ಸೇರಿ ಮನಬಿಚ್ಚಿ ಮಾತಾಡಿದವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ಕಾಲ ಬದುಕಿದರೆಂದು ವರದಿ ಮಾಡಿದರು. 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ಅವರ ತಂಡ 235 ಮಹಿಳೆಯರಲ್ಲಿ ಪರೀಕ್ಷಿಸಿದಾಗ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಮನಸ್ಸಿನ ಸಂಕಟವೂ ನೋವಿನ ಅನುಭವವೂ ಕಡಿಮೆಯಾದದ್ದು ಕಂಡಿತು. ಆದ್ದರಿಂದ, ಮಾತು ಆಯುಷ್ಯವನ್ನು ಹೆಚ್ಚಿಸುತ್ತದೆಂದು ನಾನು ನಿಮಗೆ ಆಸೆ ಹುಟ್ಟಿಸುವುದಿಲ್ಲ. ಸಂಕಟವೂ ನೋವೂ ಕಡಿಮೆಯಾಗುವುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ನಮ್ಮಲ್ಲಿ ಕಷ್ಟವಿರುವುದು ಬೇರೆ ಕಡೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.9 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗಿದೆ. ಆದರೂ ಬೀದಿಗೆ ಒಬ್ಬರಿಗಿರುವ ಈ ಕಾಯಿಲೆಯ ಹೆಸರನ್ನು ಮನೆಯಲ್ಲಿ ಎತ್ತುವುದಿಲ್ಲ. ಮಗಳ ಮದುವೆಯಾಗುವವರೆಗೆ ಸುದ್ದಿ ಹೊರಗೆ ಹೋಗಬಾರದೆನ್ನುತ್ತೇವೆ. ನಮ್ಮ ಕಚೇರಿಗೆ ಬರುವ ಶ್ರದ್ಧಾಂಜಲಿ ಬರಹಗಳಲ್ಲಿ 'ಅಲ್ಪಕಾಲದ ಅಸ್ವಸ್ಥತೆಯಿಂದ' ಎಂದಿರುತ್ತದೆ. ನಾಲ್ಕು ವರ್ಷ ಕಾದಾಡಿದವರ ಬಗ್ಗೆಯೂ ಹಾಗೆಯೇ. ಸ್ತನ ಎಂಬ ಪದವನ್ನು ಮುಖಪುಟದ ಶೀರ್ಷಿಕೆಯಲ್ಲಿ ಹಾಕಿದ ತಿಂಗಳು, ಮನೆಮಂದಿ ಓದುವ ಪತ್ರಿಕೆಯಲ್ಲಿ ಇದೇನೆಂದು ನನಗೆ ಪತ್ರಗಳು ಬಂದಿವೆ. ಎಷ್ಟೋ ಕಡೆ, ಸಹಿ ಹಾಕಬೇಕಾದ ಒಪ್ಪಿಗೆಪತ್ರ ಕನ್ನಡದಲ್ಲಿ ಇರುವುದಿಲ್ಲ. ಬಟ್ಟೆ ಬದಲಿಸಲು ಮರೆಯಿರುವುದಿಲ್ಲ. ಅಕ್ಕನಿಗೆ ಚಿಕಿತ್ಸೆಯಾದ ಆಸ್ಪತ್ರೆಯಲ್ಲಿ, ಮುಂದೆ ಲಾಡಿಯೇ ಇಲ್ಲದ ಗೌನನ್ನು ಕೈಯಲ್ಲಿ ಹಿಡಿದುಕೊಂಡು ಗಂಡಸರು ಕೂತ ಸಾಲಿನ ಮುಂದೆ ಹಾದುಹೋಗಬೇಕಿತ್ತು. ಹೆಂಗಸರೇ ನಾಲ್ವರು ಎದ್ದು ಸೆರಗು ಹಿಡಿದು ಮರೆಮಾಡುತ್ತಿದ್ದರು. ಮನೆಯಲ್ಲಿ ಆಡಲಾಗದ ಮಾತು, ಆಸ್ಪತ್ರೆಯಲ್ಲಿ ಕೇಳಲಾಗದ ಪ್ರಶ್ನೆ, ಎರಡಕ್ಕೂ ಉಳಿದಿರುವುದು ಆ ಬೆಂಚೊಂದೇ. ಅದನ್ನೂ ನೀವು ಬೇಡವೆನ್ನುತ್ತೀರಿ.

ನನಗೆ ಈಗಿರುವ ಆತಂಕ ಆ ಬೆಂಚು ತಾನಾಗಿಯೇ ಇಲ್ಲವಾದೀತೆಂಬುದು. ಬ್ರಿಟನ್ನಿನ ಅಧ್ಯಯನಗಳ ಫಲವಾಗಿ 25 ದಿನದ ಚಿಕಿತ್ಸೆ ಅನೇಕರಿಗೆ 15 ದಿನಕ್ಕೆ ಇಳಿಯಿತು. 2020ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನ, ಆಯ್ದ ರೋಗಿಗಳಿಗೆ 5 ದಿನದ ಚಿಕಿತ್ಸೆಯೂ ಅಷ್ಟೇ ಪರಿಣಾಮಕಾರಿಯೆಂದು ತೋರಿಸಿತು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಧರ್ಮಶಾಲೆಯಲ್ಲಿ ತಿಂಗಳುಗಟ್ಟಲೆ ಉಳಿಯಬೇಕಿದ್ದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಆದರೆ ಅಕ್ಕ ಬಾಯಿಬಿಟ್ಟು ನಕ್ಕದ್ದು ಎರಡನೆಯ ವಾರದಲ್ಲಿ. 5 ದಿನದಲ್ಲಿ ಗೆಳೆತನ ತಾನಾಗಿ ಬೆಳೆಯುವುದು ಕಷ್ಟ. ಚಿಕಿತ್ಸೆ ಮುಗಿಸಿದವರನ್ನು ಹೊಸಬರಿಗೆ ಪರಿಚಯಿಸುವ, ಅವರಿಗೆ ಒಂದು ಕೋಣೆ, ನಾಲ್ಕು ಕುರ್ಚಿ, ತಪ್ಪು ಮಾತನ್ನು ತಿದ್ದಲು ಒಬ್ಬ ದಾದಿಯನ್ನು ಒದಗಿಸುವ ಕೆಲಸವನ್ನು ಆಸ್ಪತ್ರೆಗಳೇ ಮಾಡಬೇಕಾಗುತ್ತದೆ. ನಿಮ್ಮ ಆಕ್ಷೇಪಕ್ಕೂ ಪರಿಹಾರ ಅದರಲ್ಲಿಯೇ ಇದೆ.

ಕೊನೆಗೊಂದು ವಿಷಯ, ನಿಮಗೆ ಈ ಸಂಚಿಕೆ ತಲುಪುವ ಹೊತ್ತಿಗೆ ಬೇಕಾದೀತು. ಚರ್ಮದ ಉರಿಯೂ ಕಪ್ಪೂ ಕೊನೆಯ ದಿನಕ್ಕೆ ನಿಲ್ಲುವುದಿಲ್ಲ. ಮುಗಿದ ಮೇಲೆ ಒಂದೆರಡು ವಾರ ಇನ್ನೂ ಹೆಚ್ಚಾಗಬಹುದು, ಆಯಾಸವೂ ವಾರಗಟ್ಟಲೆ ಉಳಿಯಬಹುದು. ಆಗ ನೀವು ದಾವಣಗೆರೆಗೆ ಮರಳಿರುತ್ತೀರಿ, ದಿನವೂ ನೋಡುತ್ತಿದ್ದ ದಾದಿಯರು ಇರುವುದಿಲ್ಲ, ನೆಂಟರಿಷ್ಟರು ಎಲ್ಲ ಮುಗಿಯಿತಲ್ಲ ಎನ್ನುತ್ತಿರುತ್ತಾರೆ. ರಾತ್ರಿ ಕೋಲಾರದಿಂದ ಫೋನು ಬರುತ್ತದೆ. ಆಕೆಗೆ ಎದ್ದು ಬರಲು ಆಗದಿದ್ದರೆ, ಅದನ್ನು ಅವರು ಮಲಗಿದಲ್ಲಿಗೇ ಒಯ್ದು ಕೈಗೆ ಕೊಡಿ.