ಆ ಅಪ್ಪ ಮಗುವಿನ ಪಕ್ಕ ಯಾಕೆ ಕೂರುವುದಿಲ್ಲ ಎಂದರೆ

ನೀನು ಬೆಂಗಳೂರಿನಿಂದ ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದೆ. ಆರೋಗ್ಯದಲ್ಲಿ ದೇಶಕ್ಕೇ ಮಾದರಿ ಎನ್ನುವ ಕೇರಳದಲ್ಲಿದ್ದುಕೊಂಡು, ಮಗುವಿಗೆ ರಕ್ತದ ಕ್ಯಾನ್ಸರ್ ಅಂದ ಕೂಡಲೇ ಕಾಸರಗೋಡಿನವರು ಮಂಗಳೂರಿಗೆ ಓಡುವುದು ಯಾಕೆ? ಮತ್ತೆ, ವಾರ್ಡಿನಲ್ಲಿ ತಾಯಿ ಮಾತ್ರ ಕೂತಿರುತ್ತಾಳೆ, ಅಪ್ಪ ಫೈಲು ಹಿಡಿದು ಎಲ್ಲೋ ತಿರುಗುತ್ತಿರುತ್ತಾನೆ, ಅವನಿಗೆ ಮಗುವಿನ ಮೇಲೆ ಅಕ್ಕರೆ ಇಲ್ಲವಾ? ಎರಡಕ್ಕೂ ಉತ್ತರ ಆ ಫೈಲಿನಲ್ಲೇ ಉಂಟು.

ಮೊದಲನೆಯದು ಬೇಗ ಹೇಳಿ ಮುಗಿಸುತ್ತೇನೆ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರು. ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಹತ್ತಿರ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕಾಸರಗೋಡಿನಿಂದಲೇ ನೂರು ದಾಟುತ್ತದೆ. ತಿರುವನಂತಪುರದ ಕ್ಯಾನ್ಸರ್ ಕೇಂದ್ರಕ್ಕಾದರೆ ರಾಜ್ಯದ ಆ ತುದಿಯವರೆಗೆ ಹೋಗಬೇಕು. 1956ರ ನವೆಂಬರ್ 1ರಂದು ಗಡಿ ಎಳೆದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿದ್ದು ಹಾಗೆಯೇ ಉಳಿಯಿತು. ಅಷ್ಟಾದರೂ ನಮ್ಮವರ ಹೆರಿಗೆ, ಕಾಲೇಜು, ಮದುವೆಯ ಜವಳಿ ಎಲ್ಲ ಮಂಗಳೂರೇ. ಮಗುವಿಗೆ ಬಿಡದೆ ಜ್ವರ ಬಂದು, ಮೈ ಬಿಳಿಚಿ, ಕಾಲ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಎದ್ದಾಗ ಮೊದಲು ನೆನಪಾಗುವುದೂ ಅಲ್ಲಿನ ಡಾಕ್ಟರೇ. ಅಲ್ಲಿ ರಕ್ತ ಪರೀಕ್ಷೆ, ಅಸ್ಥಿಮಜ್ಜೆಯ ಪರೀಕ್ಷೆ ಆಗಿ ಹೆಸರು ತಿಳಿಯುತ್ತದೆ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅದೂ ಎರಡರಿಂದ ಐದು ವರ್ಷದ ಒಳಗೆ ಜಾಸ್ತಿ. ಇದು ಗುಣವಾಗುವ ಕಾಯಿಲೆ. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ, ನಡುವೆ ಬಿಟ್ಟರೆ ಮರುಕಳಿಸುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ. ಕರ್ನಾಟಕದ ಆರೋಗ್ಯ ಯೋಜನೆ ಕರ್ನಾಟಕದ ರೇಷನ್ ಕಾರ್ಡಿಗೆ. ನಮ್ಮದು ಕೇರಳದ್ದು. ಕೇರಳದಲ್ಲಿ ಆಯುಷ್ಮಾನ್ ಭಾರತವನ್ನೂ ಸೇರಿಸಿಕೊಂಡ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಉಂಟು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. 18ರೊಳಗಿನ ಮಕ್ಕಳಿಗೆಂದೇ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ 2008ರಲ್ಲಿ ತಂದ ಕ್ಯಾನ್ಸರ್ ಸುರಕ್ಷಾ ಯೋಜನೆಯೂ ಉಂಟು, ಆದರೆ ಅದು ಕೇರಳದಲ್ಲಿ ಗೊತ್ತುಮಾಡಿದ ಆಸ್ಪತ್ರೆಗಳಿಗೆ ಮಾತ್ರ. ಆಯುಷ್ಮಾನ್ ಕಾರ್ಡು ಯಾವ ರಾಜ್ಯದಲ್ಲೂ ನಡೆಯುತ್ತದೆ ಎಂದು ನೀನು ಹೇಳಬಹುದು, ನಿಯಮವೂ ಹಾಗೆಯೇ ಉಂಟು. ನಡೆಯಬೇಕಾದರೆ ಮೂರು ಕೂಡಿಬರಬೇಕು. ಆ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿರಬೇಕು, ಅದೂ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ. ಕೀಮೋ ಕೊಡುವ ಮೊದಲೇ ಅನುಮತಿ ಬರಬೇಕು, ಸುತ್ತು ಸುತ್ತಿಗೂ ಬೇರೆ ಬೇರೆಯಾಗಿ. ಮತ್ತೆ ಆ ಕುಟುಂಬ ಯಾವ ಪಟ್ಟಿಯಿಂದ ಕಾರ್ಡು ಪಡೆದದ್ದು ಎಂಬುದು: ಕೇಂದ್ರದ 2011ರ ಸಮೀಕ್ಷೆಯಿಂದ ಬಂದವರೂ ಕೇರಳದ ಯೋಜನೆಯಲ್ಲಿದ್ದಾರೆ, ರಾಜ್ಯ ತಾನೇ ಸೇರಿಸಿಕೊಂಡವರೂ ಇದ್ದಾರೆ. ಕಾರ್ಡು ನೋಡಲಿಕ್ಕೆ ಒಂದೇ ಥರ, ಹೊರರಾಜ್ಯದಲ್ಲಿ ನಡೆಯುವುದು ಮಾತ್ರ ಒಂದೇ ಥರ ಇರಬೇಕೆಂದಿಲ್ಲ. ಇದನ್ನೆಲ್ಲ ಕೌಂಟರಿನಲ್ಲಿ ನಿಂತು ತಿಳಿದುಕೊಳ್ಳುವ ಹೊತ್ತಿಗೆ ಮಗುವಿಗೆ ಮೊದಲ ಕೀಮೋ ಮದ್ದು ವಿನ್‌ಕ್ರಿಸ್ಟಿನ್ ಹೋಗಿ ಆಗಿರುತ್ತದೆ, ಬಿಲ್ಲೂ ಕೈಗೆ ಬಂದಿರುತ್ತದೆ.

ಅದಕ್ಕೇ ನಮ್ಮ ಕಡೆ ತಿಳಿದವರು ಹೊಸ ಅಪ್ಪಂದಿರಿಗೆ ಹೇಳುವ ಮೊದಲ ಮಾತು: ಎರಡೂವರೆ ವರ್ಷದ ಚಿಕಿತ್ಸೆ ಎಲ್ಲಿ ಎಂಬುದನ್ನು ಮೊದಲ ಕೀಮೋಕ್ಕೆ ಮುಂಚೆ ನಿರ್ಧರಿಸು. ಡಾಕ್ಟರರನ್ನೇ ನೇರ ಕೇಳು, ಎಷ್ಟು ದಿನ ಕಾಯಬಹುದು ಅಂತ. ಕಾಯುವ ಹಾಗಿಲ್ಲ ಎಂದರೆ ಅಲ್ಲೇ ಶುರುಮಾಡು, ಕಾಗದಕ್ಕಾಗಿ ಮಗುವನ್ನು ಕಾಯಿಸಬೇಡ. ಒಂದೆರಡು ದಿನ ಸಿಕ್ಕಿದರೆ ಆ ದಿನಗಳಲ್ಲೇ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಕೌಂಟರಿನಲ್ಲಿ ಕಾರ್ಡು ತೋರಿಸಿ ಉತ್ತರವನ್ನು ಬರೆಸಿಕೋ, ತಲಶ್ಶೇರಿಗೂ ಫೋನ್ ಮಾಡು. ಮಂಗಳೂರಿನಲ್ಲಿ ಎರಡು ತಿಂಗಳು ಮಾಡಿ, ಹೊಲ ಅಡವಿಟ್ಟು, ಆಮೇಲೆ ಕೇರಳಕ್ಕೆ ಬದಲಾಯಿಸುವವರೂ ಇದ್ದಾರೆ. ಬದಲಾಯಿಸುವುದೇ ಆದರೆ ಡಿಸ್ಚಾರ್ಜ್ ಸಮ್ಮರಿ ಒಂದು ಸಾಲದು. ಮಜ್ಜೆಯ ಸ್ಲೈಡುಗಳು, ಫ್ಲೋ ಸೈಟೊಮೆಟ್ರಿ (ಕ್ಯಾನ್ಸರ್ ಕೋಶ ಯಾವ ಬಗೆ ಎಂದು ಹೇಳುವ ಪರೀಕ್ಷೆ) ಮತ್ತು ಕ್ರೋಮೋಸೋಮು ಪರೀಕ್ಷೆಯ ವರದಿ, ಮೊದಲ ಹಂತದ ಕೊನೆಗೆ ಎಷ್ಟು ಕ್ಯಾನ್ಸರ್ ಕೋಶ ಉಳಿದಿದೆ ಎಂದು ನೋಡಲು ಮಾಡಿದ ಎಂಆರ್‌ಡಿ ಫಲಿತಾಂಶ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಟ್ಟ ಇಂಜೆಕ್ಷನ್‌ಗಳ ತಾರೀಖು, ಡೌನೊರುಬಿಸಿನ್‌ನಂಥ ಔಷಧಿ ಒಟ್ಟು ಎಷ್ಟು ಹೋಗಿದೆ ಎಂಬ ಲೆಕ್ಕ, ಇಷ್ಟು ಬೇಕು. ಆ ಕೊನೆಯ ಲೆಕ್ಕ ಹೃದಯದ ವಿಷಯ. ಮಿತಿ ಮೀರಿದರೆ ಹೃದಯಕ್ಕೆ ಪೆಟ್ಟು, ಹೊಸ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ತೊಂದರೆ.

ಹೆಸರಿನ ಗೋಳು ಬೇರೆಯೇ. ಮಗು ಹುಟ್ಟಿದ್ದು ಮಂಗಳೂರಿನಲ್ಲಿ, ಹಾಗಾಗಿ ಜನನ ಪತ್ರ ಕರ್ನಾಟಕದ್ದು. ಆಧಾರ್, ರೇಷನ್ ಕಾರ್ಡು ಕೇರಳದ್ದು. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಇನಿಶಿಯಲ್ ಹಿಂದೆ, ಮೂರನೆಯದರಲ್ಲಿ ಅಕ್ಷರವೇ ಬೇರೆ. ಕಂಪ್ಯೂಟರಿಗೆ ಅದು ಮೂರು ಮಗು. ಚಿಕಿತ್ಸೆಯ ನಡುವೆ ಐದು ವರ್ಷ ತುಂಬಿದರೆ ಬಾಲ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಬೇಕು. ಬಿಳಿ ರಕ್ತಕಣ ಇಳಿದ ಮಗುವನ್ನು ಅಕ್ಷಯ ಎಂಬ ಕೇರಳದ ಸರಕಾರಿ ಸೇವಾ ಕೇಂದ್ರದ ಜನಸಂದಣಿಯಲ್ಲಿ ನಿಲ್ಲಿಸಬಾರದು, ಹಾಗಾಗಿ ಕೌಂಟ್ ಚೆನ್ನಾಗಿರುವ ವಾರ ನೋಡಿ, ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸರಕಾರಿ ಅರ್ಜಿ ಕನ್ನಡದಲ್ಲಿ ಸಿಗಬೇಕು ಎಂಬುದು ನಮ್ಮ ಹಕ್ಕು. ಕೇಳಿದರೆ ಸಿಗುವುದೂ ಉಂಟು. ಆದರೆ ಮಗು ಆಸ್ಪತ್ರೆಯಲ್ಲಿರುವಾಗ ಯಾವ ಅಪ್ಪ ಕೌಂಟರಿನಲ್ಲಿ ನಿಂತು ಹಕ್ಕಿನ ಮಾತಾಡುತ್ತಾನೆ? ಪಕ್ಕದವನ ಹತ್ತಿರ ಮಲಯಾಳದಲ್ಲಿ ತುಂಬಿಸಿಕೊಂಡು ರುಜು ಹಾಕುತ್ತಾನೆ. ಏನು ಬರೆದಿದೆ ಎಂದು ಓದಲಾಗದ ಕಾಗದಕ್ಕೆ ಮಗುವಿನ ಜೀವ ಕಟ್ಟಿ ರುಜು ಹಾಕುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಈಗ ಗೊತ್ತಾಯಿತಲ್ಲ ಅವನು ಎಲ್ಲಿರುತ್ತಾನೆ ಅಂತ. ವಿಲೇಜ್ ಆಫೀಸಿನಲ್ಲಿ ಆದಾಯ ಪತ್ರಕ್ಕೆ, ಪಂಚಾಯತಿನಲ್ಲಿ, ಬ್ಲಡ್ ಬ್ಯಾಂಕಿನಲ್ಲಿ. ರೈಲಿನ ರಿಯಾಯಿತಿಗೆ ಆಸ್ಪತ್ರೆಯ ಡಾಕ್ಟರು ನಿಗದಿತ ನಮೂನೆಯಲ್ಲೇ ಸಹಿ ಹಾಕಬೇಕು: ಸ್ಲೀಪರಿನಲ್ಲಿ, ಮೂರನೇ ಏಸಿಯಲ್ಲಿ ಮಗುವಿಗೆ ಪೂರ್ತಿ ಉಚಿತ, ಜೊತೆಯ ಒಬ್ಬರಿಗೆ 75 ಶೇಕಡಾ ರಿಯಾಯಿತಿ. ಇದು ಗೊತ್ತಿಲ್ಲದೆ ಪೂರ್ತಿ ಟಿಕೆಟ್ ಕೊಡುವವರು ಎಷ್ಟೋ ಮಂದಿ.

ಮನೆಯಲ್ಲಿರುವ ತಿಂಗಳುಗಳೂ ಸಲೀಸಲ್ಲ. ಮರ್ಕಾಪ್ಟೊಪ್ಯುರಿನ್ ದಿನಕ್ಕೊಮ್ಮೆ, ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ವಾರದ ಮಾತ್ರೆಯನ್ನು ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ಮಜ್ಜೆ ಕುಸಿದು ಜೀವಕ್ಕೇ ಬರುತ್ತದೆ. ಸ್ಟ್ರಿಪ್ಪಿನ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದಿಡಬೇಕು, ಅಜ್ಜಿಗೂ ಓದಲಿಕ್ಕೆ ಬರಬೇಕು. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನುವ ಹಾಗಿಲ್ಲ. ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಮುಳ್ಳೇರಿಯ, ಅಡೂರಿನಿಂದ ಮಂಗಳೂರಿಗೆ ಒಂದು ಗಂಟೆಯಲ್ಲಿ ತಲುಪಲಾಗದು. ಅದಕ್ಕೆ ಕ್ಯಾನ್ಸರ್ ಡಾಕ್ಟರಿಂದ ಮೊದಲೇ ಒಂದು ಪತ್ರ ಬರೆಸಿಟ್ಟುಕೊಳ್ಳಬೇಕು, ಯಾವ ಔಷಧಿ, ಎಷ್ಟು ತೂಕಕ್ಕೆ ಎಷ್ಟು ಎಂದು. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಿ ಆಮೇಲೆ ಹೊರಡಬೇಕು. ಗುದದ್ವಾರದಲ್ಲಿ ಥರ್ಮಾಮೀಟರು, ಮದ್ದಿನ ಬತ್ತಿ ಇಡಬಾರದು ಎಂದು ಅಲ್ಲಿನ ನರ್ಸಿಗೂ ಹೇಳಬೇಕು. ಮನೆಯಲ್ಲಿ, ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಎದ್ದರೆ ಮಗುವಿಗೆ ಏನೂ ಇಲ್ಲದಿದ್ದರೂ ಅದೇ ದಿನ ಫೋನ್ ಮಾಡಬೇಕು.

2020ರ ಮಾರ್ಚಿನಲ್ಲಿ ಕೊರೊನಾ ಎಂದು ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನಿನಗೆ ಸುದ್ದಿ. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಅದು ಹೋದಷ್ಟು ದಿನ, ಅಷ್ಟರಲ್ಲಿ ದಾರಿಯಲ್ಲೇ ಜೀವ ಬಿಟ್ಟವರ ಹೆಸರು ನಮಗೆ ಗೊತ್ತು. ಕೀಮೋದ ತಾರೀಖು ಇದ್ದ ಮಕ್ಕಳ ಅಪ್ಪಂದಿರಿಗೆ ಕನ್ನಡ ರಾಜ್ಯವೇ ಕದ ಹಾಕಿತು. ಕರ್ನಾಟಕವನ್ನು ನಮ್ಮದು ಎಂದು ಅರುವತ್ತು ವರ್ಷ ಹೇಳುತ್ತ ಬಂದವರು ನಾವು. ಆ ನೋವಿಗೆ ನಿನ್ನ ಊರಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಹಣ ಒಟ್ಟುಮಾಡುವುದರಲ್ಲಿ ನಮ್ಮ ಊರು ಹಿಂದೆ ಬಿದ್ದಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ವಾರ್ಡ್ ಮೆಂಬರ್ ಮುಂದೆ ನಿಂತು ಚಿಕಿತ್ಸಾ ಸಹಾಯ ಸಮಿತಿ ಮಾಡುತ್ತಾರೆ, ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಪೂರ್ತಿ ಕೊಡುತ್ತಾರೆ, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಮನೆಮನೆಗೆ ಹೋಗುತ್ತಾರೆ. ಕನ್ನಡದವ, ಮಲಯಾಳದವ, ಬ್ಯಾರಿ ಎಂದು ಯಾರೂ ನೋಡುವುದಿಲ್ಲ. ಖಾತೆಯನ್ನು ಅಪ್ಪ ಮತ್ತು ಸಮಿತಿಯವರ ಜಂಟಿ ಹೆಸರಿನಲ್ಲಿ ತೆರೆದು ಲೆಕ್ಕ ತೋರಿಸಬೇಕು, ಇಲ್ಲದಿದ್ದರೆ ಆಮೇಲೆ ಮಾತು ಬರುತ್ತದೆ. ಕೂದಲುದುರಿದ ಮಗುವಿನ ಫೋಟೋವನ್ನು ಫ್ಲೆಕ್ಸಿಗೆ ಹಾಕುವ ಮೊದಲು ಅಪ್ಪ ಅಮ್ಮನನ್ನು, ಆರೇಳು ವರ್ಷ ದಾಟಿದ್ದರೆ ಮಗುವನ್ನೂ ಕೇಳಬೇಕು. ಮತ್ತೆ ಆ ಫ್ಲೆಕ್ಸನ್ನು ತೆಗೆಯುವ ಹೊಣೆ ಒಬ್ಬರಿಗೆ ವಹಿಸಬೇಕು. ಮಗು ತೀರಿಹೋದ ಮೇಲೂ ಕವಲು ದಾರಿಯಲ್ಲಿ ಅದು ನೇತಾಡುತ್ತಿದ್ದರೆ ಆ ಅಪ್ಪ ದಿನಾ ಅದರಡಿಯಲ್ಲೇ ಬಸ್ಸಿಗೆ ಕಾಯಬೇಕು.

ಕಾಸರಗೋಡು ಅಂದ ಕೂಡಲೇ ಎಂಡೋಸಲ್ಫಾನ್ ಅಲ್ಲವಾ ಎಂದು ನೀವೆಲ್ಲ ಕೇಳುತ್ತೀರಿ. ಗೇರು ತೋಟಗಳಿಗೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿದದ್ದು ನಿಜ, ಎಣ್ಮಕಜೆಯ ಮನೆಗಳಲ್ಲಿ ಇವತ್ತಿಗೂ ಅದರ ಗಾಯ ಉಂಟು. ಆದರೆ ಈ ಮಗುವಿನ ಲ್ಯುಕೇಮಿಯಾ ಅದರಿಂದಲೇ ಬಂತು ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಮಕ್ಕಳ ಕ್ಯಾನ್ಸರ್‌ಗೆ ಹೆಚ್ಚಿನ ಸಲ ಕಾರಣ ಸಿಗುವುದೇ ಇಲ್ಲ. ನೀನು ಸುಮ್ಮನೆ ಕೇಳಿದ ಮಾತನ್ನು ಅಪ್ಪ ರಾತ್ರಿಯಿಡೀ ತಿರುಗಿಸಿ ನೋಡುತ್ತಾನೆ: ಆ ಬಾವಿಯ ನೀರು ಕುಡಿಸಿದೆನಾ, ಈ ಮನೆ ಕಟ್ಟಬಾರದಿತ್ತಾ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಮಂಗಳೂರಿನಲ್ಲಿ ತೀರಿಹೋದರೆ ಮರಣ ನೋಂದಣಿ ಅಲ್ಲಿಯೇ, 21 ದಿನದೊಳಗೆ. ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು ಇಲ್ಲಿ. ಆಗಲೂ ಫೈಲು ಅಪ್ಪನ ಕೈಯಲ್ಲೇ. ಸಣ್ಣ ಮಕ್ಕಳಿಗೆ ನಮ್ಮ ಎಷ್ಟೋ ಮನೆಗಳಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಇಲ್ಲ, ನೆಂಟರು ಬಂದು ಕೂರುವ ಹದಿಮೂರು ದಿನ ಇಲ್ಲ. ಅಪ್ಪ ಮರುವಾರ ಕೆಲಸಕ್ಕೆ ಹೋಗುತ್ತಾನೆ, ಜನ ಅವನನ್ನು ಗಟ್ಟಿಗ ಎನ್ನುತ್ತಾರೆ. ಅಜ್ಜಿಮನೆಯಲ್ಲಿ ಬಿಟ್ಟಿದ್ದ ಅಣ್ಣನೋ ಅಕ್ಕನೋ, ತಾನು ಜಗಳಾಡಿದ್ದಕ್ಕೇ ಹೀಗಾಯಿತು ಎಂದು ಒಳಗೊಳಗೇ ನಂಬಿರುತ್ತದೆ. ಹಾಗಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು.

ನಮ್ಮ ಕಡೆ ಪ್ರೇತ ಮದುವೆ ಮಾಡುವುದನ್ನು ನೀವು ಫೋನಿನಲ್ಲಿ ನೋಡಿ ನಗುತ್ತೀರಿ. ಎಳವೆಯಲ್ಲಿ ತೀರಿಹೋದ ಮಗುವಿಗೆ ಪ್ರಾಯ ಬಂತೆಂದು, ಹಾಗೆಯೇ ತೀರಿಹೋದ ಇನ್ನೊಂದು ಮಗುವನ್ನು ಹುಡುಕಿ, ಧಾರೆಯ ಸೀರೆ ಇಟ್ಟು, ಊಟ ಬಡಿಸಿ ಮಾಡುವ ಕುಲೆ ಮದಿಮೆ. ಮಗುವಿನ ಪ್ರಾಯವನ್ನು ಅಪ್ಪ ಅಮ್ಮ ಲೆಕ್ಕ ಹಾಕುತ್ತಲೇ ಇರುತ್ತಾರೆ ಎಂಬುದು ನಮ್ಮ ತುಳುನಾಡಿನ ಹಿರಿಯರಿಗೆ ಗೊತ್ತಿತ್ತು, ಆ ಲೆಕ್ಕಕ್ಕೆ ಅವರು ಮರ್ಯಾದೆ ಕೊಟ್ಟರು.

ಇವತ್ತಿನ ಆಸರೆಯೂ ಉಂಟು, ಅದು ಕೇರಳದ್ದು. 2008ರಲ್ಲಿ ದೇಶದಲ್ಲೇ ಮೊದಲಾಗಿ ನೋವು, ಸಂಕಟ ತಗ್ಗಿಸುವ ಉಪಶಮನ (ಪಾಲಿಯೇಟಿವ್) ಚಿಕಿತ್ಸೆಗೆ ನೀತಿ ಮಾಡಿದ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ನರ್ಸು ಮನೆಗೇ ಬಂದು ಗಾಯ ತೊಳೆಯುತ್ತಾರೆ, ನೋವಿನ ಮದ್ದು ನೋಡಿಕೊಳ್ಳುತ್ತಾರೆ, ಮಗು ಹೋದ ಮೇಲೂ ಅಮ್ಮನನ್ನು ಮಾತಾಡಿಸಲು ಬರುತ್ತಾರೆ. ಸಾಯುವ ಹೊತ್ತಿಗೆ ಮಾತ್ರ ಪಾಲಿಯೇಟಿವ್ ಎಂದು ನಮ್ಮವರು ಕರೆಯಲು ಹೆದರುತ್ತಾರೆ. ಚಿಕಿತ್ಸೆ ನಡೆಯುವಾಗಲೇ ಹೆಸರು ಬರೆಸಬಹುದು. ಅಪ್ಪನಿಗೆ ಮಾತಾಡಬೇಕು ಅನ್ನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಂಟು, ಕನ್ನಡ ಕೇಳಿ ಪಡೆಯಬೇಕು. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ ವಾರ್ಡಿನಲ್ಲಿ ಆರು ತಿಂಗಳು ಮೊದಲು ಬಂದಿದ್ದ ಇನ್ನೊಬ್ಬ ಅಪ್ಪ. ಅವರಿಬ್ಬರ ಮಾತು ಕಾರ್ಡಿನಿಂದ ಶುರುವಾಗುತ್ತದೆ, ಎಲ್ಲಿಗೋ ಹೋಗುತ್ತದೆ.

ನಿನಗೆ ನಿಜವಾಗಿ ಏನಾದರೂ ಮಾಡಬೇಕೆಂದಿದ್ದರೆ ಮಾರಾಯ, ಮುಂದಿನ ಸಲ ಮಂಗಳೂರಿಗೆ ಬಂದಾಗ ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್‌ಲೆಟ್ ಕೊಡು. 50 ಕಿಲೋ ತೂಕ ಇರಬೇಕು, ಮೂರು ದಿನದಿಂದ ಆಸ್ಪಿರಿನ್ ತಿಂದಿರಬಾರದು, ಯಂತ್ರದಲ್ಲಿ ಒಂದು, ಒಂದೂವರೆ ಗಂಟೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಹಾಗಾಗಿ ಅಪ್ಪ ಮತ್ತೆ ಮತ್ತೆ ಜನ ಹುಡುಕುತ್ತಿರುತ್ತಾನೆ. ನೀನು ಆ ಕುರ್ಚಿಯಲ್ಲಿ ಕೂತರೆ ಅಷ್ಟು ಹೊತ್ತು ಅವನು ಮಗುವಿನ ಪಕ್ಕ ಕೂರಬಹುದು.