ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೇಟೆಗಾಗಿ ಜಿಂಕೆಗಳನ್ನು ಸೆಳೆಯಲು ಓಟ್ಸ್ ಬಿತ್ತುವುದು ಯಾವಾಗ, ಹೇಗೆ?

ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ, ಮಳೆ ಬರುವ ಮುನ್ನ ಬಿತ್ತಿ. ಬಿಳಿಬಾಲದ ಜಿಂಕೆಗೆ ಬೇಕಾಗಿರುವುದು ಎಳೆ ಎಲೆ. ವಸಂತದಲ್ಲೇ ಬಿತ್ತಿದರೆ ಬೇಟೆಯ ಕಾಲಕ್ಕೆ ಪೈರು ತೆನೆ ಬಿಟ್ಟು ಒಣಗಿರುತ್ತದೆ. ಆ ಒಣ ಕಡ್ಡಿಯನ್ನು ಜಿಂಕೆ ಮೂಸಿಯೂ ನೋಡುವುದಿಲ್ಲ.

ಕೂರಿಗೆಯಲ್ಲಾದರೆ ಎಕರೆಗೆ 40 ಕೆಜಿ, ಕೈಯಲ್ಲಿ ಎರಚುವುದಾದರೆ 50 ಕೆಜಿ ಬೀಜ ಸಾಕು. ಎರಚಿದ್ದನ್ನು ಹಾಗೇ ಬಿಟ್ಟರೆ ಹಕ್ಕಿ, ಟರ್ಕಿ ಕೋಳಿಗಳ ಪಾಲು, ಆದ್ದರಿಂದ ಹಗುರವಾಗಿ ಹರಗಿ ಒಂದು ಇಂಚು ಮಣ್ಣು ಮುಚ್ಚಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರ ಮೇಲಿರಲಿ, ಕಡಿಮೆಯಿದ್ದರೆ ಸುಣ್ಣ ಹಾಕಿ. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಬೇಕು, ಹಾಗಾಗಿ ಮಣ್ಣಿನ ಪರೀಕ್ಷೆ ವಸಂತದಲ್ಲೇ ಆಗಬೇಕು. ಯೂರಿಯಾ ಎಕರೆಗೆ 40 ಕೆಜಿ, ಮಳೆಗೆ ಸ್ವಲ್ಪ ಮುಂಚೆ.

ಬಹಳಷ್ಟು ಜನ ಸೋಲುವುದು ಜಾಗದ ಅಳತೆಯಲ್ಲಿ. ಕಾಲು ಎಕರೆಯ ತುಂಡನ್ನು ಜಿಂಕೆಗಳು ಮೊಳಕೆಯಲ್ಲೇ ಬೋಳಿಸುತ್ತವೆ, ಮಾಲೀಕ ಬೀಜ ಹುಟ್ಟಲಿಲ್ಲವೆಂದುಕೊಳ್ಳುತ್ತಾನೆ. ಒಂದು ಮೂಲೆಯಲ್ಲಿ ಮೂರಡಿ ಅಗಲದ ತಂತಿಬಲೆಯ ಗೂಡು ನೆಡಿ: ಒಳಗೆ ಮೊಣಕಾಲೆತ್ತರದ ಹಸಿರು, ಹೊರಗೆ ಬರಿ ಬುಡ ಕಂಡರೆ ಮೇಯ್ದದ್ದು ಖಚಿತ.

ಡಿಸೆಂಬರ್‌ನ ಗಟ್ಟಿ ಹಿಮಕ್ಕೆ ಓಟ್ಸ್ ಸಾಯುತ್ತದೆ. ಅರ್ಧ ಬೀಜದ ಬದಲು ಚಳಿಗಾಲದ ರೈ ಧಾನ್ಯ ಸೇರಿಸಿದರೆ ವಸಂತದವರೆಗೂ ಮೇವಿರುತ್ತದೆ. ರೈಗ್ರಾಸ್ ಬೇರೆಯೇ ಹುಲ್ಲು, ಅದನ್ನು ತರಬೇಡಿ.